ಮೂರನೆಯ ಏಟಿಗೆ ಮುಂಚೆ

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ, ಆಚೆ ದಡದಲ್ಲಿ ಇನ್ನೊಂದು. ಎರಡು ಕಡೆಯೂ ಧ್ಯಾನ ಜೋರು. ಚಿನ್ನಿದಾಂಡು ಅದಕ್ಕಿಂತ ಜೋರು.

ವರ್ಷಕ್ಕೊಂದು ಪಂದ್ಯ, ನಡುಹೊಳೆಯ ಮರಳುದಿಣ್ಣೆಯ ಮೇಲೆ. ಸೋತವರು ವರ್ಷವಿಡೀ ಗೆದ್ದವರ ತೋಟಕ್ಕೆ ನೀರು ಹೊರಬೇಕು. ಈಚೆ ದಡದವರು ಎರಡು ವರ್ಷದಿಂದ ಹೊರುತ್ತಿದ್ದರು. ಮಂತ್ರ ಮರೆತವರೂ ಹೆಗಲುನೋವು ಮರೆತಿರಲಿಲ್ಲ.

ಈ ಸಲದ ನಾಯಕ ತಮ್ಮಣ್ಣ ಎಂಬ ಶಿಷ್ಯ. ಬೆಳಿಗ್ಗೆಯೇ ಗುರುಗಳ ಮುಂದೆ ನಿಂತ.

"ಗುರುಗಳೇ, ಆಡುವವನನ್ನು ಆಚೆ ಕರೆದು ಬದಲಿಗೆ ಇನ್ನೊಬ್ಬನನ್ನು ಇಳಿಸಬಹುದು. ಒಂದೇ ಸಲ. ಅಡುಗೆಯ ಕೆಂಚನನ್ನು ಇಟ್ಟುಕೊಂಡಿದ್ದೇನೆ. ಮುದ್ದೆ ತಿರುವಿದ ರಟ್ಟೆ ಅವನದು. ಯಾವಾಗ ಇಳಿಸಲಿ?"

"ಯಾರಿಗೆ ಆಚೆ ಬಾ ಅನ್ನೋಕೆ ನಿನಗೆ ಬಾಯಿ ಬರೋದಿಲ್ಲವೋ, ಅವನು ಆಡೋವಾಗ."

"ಅರ್ಥವಾಗಲಿಲ್ಲ."

"ಒಳ್ಳೇದು. ಅರ್ಥ ಆಗಿದ್ದರೆ ಈಗಲೇ ಬೆವರುತ್ತಿದ್ದೆ."

ಮಧ್ಯಾಹ್ನದ ಹೊತ್ತಿಗೆ ತಂಡದವರೆಲ್ಲ ಔಟು. ಗೆಲ್ಲಲು ಇನ್ನೂ ನಲವತ್ತು ದಾಂಡು ದೂರ ಬೇಕು. ಆಡಲು ಉಳಿದವರು ಒಬ್ಬರೇ, ಗುರುಗಳು.

ಗುರುಗಳೆಂದರೆ ಸಾಮಾನ್ಯರಲ್ಲ. ಪ್ರಾಯದಲ್ಲಿ ಅವರು ಹೊಡೆದ ಒಂದು ಚಿನ್ನಿ ಇನ್ನೂ ಕೆಳಗೆ ಬಿದ್ದಿಲ್ಲವೆಂದು ಆಚೆ ದಡದವರೂ ನಂಬಿದ್ದರು.

ಗುರುಗಳು ತುದಿಗೆ ತಟ್ಟಿದರು. ಚಿನ್ನಿ ನೆಗೆಯಿತು. ದಾಂಡು ಬೀಸಿದರು. ಸಿಕ್ಕಿದ್ದು ಗಾಳಿ.

"ಆಹಾ, ಗಾಳಿಯನ್ನು ಹೇಗೆ ಸೀಳಿದರು!" ಶಿಷ್ಯರು ಕೈಮುಗಿದರು.

ಎರಡನೆಯ ಸಲ ಚಿನ್ನಿ ಗುರುಗಳ ಕಾಲ ಮೇಲೇ ಬಿತ್ತು.

"ಆಹಾ, ಚಿನ್ನಿಯೂ ಪಾದಕ್ಕೆ ಬಿತ್ತು!"

ಮೂರನೆಯದೂ ತಪ್ಪಿದರೆ ಆಟ ಮುಗಿಯಿತು. ಕೆಂಚ ಮೆಲ್ಲಗೆ ಕೇಳಿದ, "ಅಣ್ಣಾ, ನಾನು ಹೋಗ್ಲಾ?"

"ಬಾಯ್ಮುಚ್ಚು. ಆಡ್ತಿರೋದು ಗುರುಗಳು ಕಣೋ."

"ಬಾಯಿ ಮುಚ್ತೀನಿ. ನಾಳೆಯಿಂದ ಕೊಡ ಹೊರೋ ಹೆಗಲು ಯಾರದು?"

ತಮ್ಮಣ್ಣನ ಬೆನ್ನು ಬೆವರಿತು. ಆ ಬೆವರು ಗೊತ್ತಾದದ್ದೇ ತಡ, ಬೆಳಗಿನ ಮಾತು ನೆನಪಾಯಿತು.

ಎದ್ದು ಹೋದ. "ಗುರುಗಳೇ... ಆಚೆ ಬನ್ನಿ."

"ಅಯ್ಯೋ ಪಾಪಿ!" ಅಂದರು ಆಚೆ ದಡದವರು. ಈಚೆಯವರು ಕಣ್ಣು ಮುಚ್ಚಿಕೊಂಡರು.

ಗುರುಗಳು ದಾಂಡನ್ನು ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಕೆಂಚನಿಗೆ ಕೊಟ್ಟರು. ಹೋಗಿ ನೆರಳಲ್ಲಿ ಕಾಲು ಚಾಚಿ ಕೂತರು.

ಕೆಂಚ ಬೀಸಿದ. ಚಿನ್ನಿ ಹೊಳೆ ದಾಟಿ ಆಚೆ ಆಶ್ರಮದ ನೀರಿನ ಹಂಡೆಯೊಳಗೆ ಠಣ್ ಅಂತ ಬಿತ್ತು. ದೂರ ಅಳೆಯಲು ಯಾರೂ ಹೋಗಲಿಲ್ಲ.

ತಮ್ಮಣ್ಣ ಓಡಿಬಂದು ಗುರುಗಳ ಕಾಲು ಹಿಡಿದ. "ಎಲ್ಲರ ಮುಂದೆ ನಿಮ್ಮನ್ನು ಆಚೆ ಕರೆದೆ. ಕ್ಷಮಿಸಿ."

ಚಿನ್ನಿ ಬಿದ್ದ ಪಾದವನ್ನು ನೀವಿಕೊಳ್ಳುತ್ತಾ ಗುರುಗಳು ಕೇಳಿದರು:

"ಅದಿರಲಿ. ಮೊದಲನೇ ಏಟಿಗೇ ಯಾಕೋ ಕರೀಲಿಲ್ಲ? ನನಗೆ ಚಿನ್ನಿ ಕಾಣಿಸದೆ ಮೂರು ವರ್ಷ ಆಯ್ತು."