ಸಾಲಿನಲ್ಲಿ ಎರಡನೆಯವನು

"ಗುರುಗಳೇ, ಹೊಟ್ಟೆಕಿಚ್ಚು ಪೂರ್ತಿ ಆರಬೇಕಾದರೆ ಎಷ್ಟು ದಿನ ಬೇಕು?" ಎಂದು ಒಬ್ಬ ಶಿಷ್ಯ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಾರ ಹೊಟ್ಟೆಯ ಕಿಚ್ಚು ಎಂದು ವಿಚಾರಿಸಿದರು. ತನ್ನದೇ ಎಂದು ಶಿಷ್ಯ ತಲೆ ತಗ್ಗಿಸಿದ. ಅವನ ಜೊತೆಗೆ ಕಲಿಯುತ್ತಿದ್ದ ಮುರಿಗೆಪ್ಪ ಎಂಬವನ ಕಂಠ ಚೆನ್ನಾಗಿತ್ತು. ಅವನು ಹಾಡಲು ಬಾಯಿ ತೆರೆದರೆ ಸಾಕು, ಸಭೆ ತಲೆದೂಗುತ್ತಿತ್ತು. ಆದರೆ ಹಾಡಿದ್ದರ ಅರ್ಥ ಅವನಿಗೆ ತಿಳಿಯದು. ಅರ್ಥ ಬಲ್ಲವನು ಈ ಶಿಷ್ಯ. ಬರುವ ಸೋಮವಾರ ಸಭೆಯಲ್ಲಿ ಹಾಡಿ ಅರ್ಥವನ್ನೂ ಹೇಳಬೇಕಾಗಿದೆ, ಸ್ವಲ್ಪ ಕಲಿಸಿಕೊಡು ಎಂದು ಮುರಿಗೆಪ್ಪ ಮೂರು ಸಲ ಬಂದು ಕೇಳಿದ್ದ. ಮೂರು ಸಲವೂ ಶಿಷ್ಯ ಏನೋ ನೆಪ ಹೇಳಿ ಕಳಿಸಿದ್ದ.

"ಕಲಿಸಬಾರದೆಂದಲ್ಲ ಗುರುಗಳೇ. ಒಳಗೆ ಕಿಚ್ಚು ಇಟ್ಟುಕೊಂಡು ಹೊರಗೆ ಪಾಠ ಹೇಳಿದರೆ ಅದು ಕಪಟವಲ್ಲವೇ? ಮೊದಲು ನನ್ನ ಮನಸ್ಸು ಶುದ್ಧವಾಗಲಿ. ಆಮೇಲೆ ಸಂತೋಷವಾಗಿ ಕಲಿಸುತ್ತೇನೆ."

ಸೋಮವಾರಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂದು ಗುರುಗಳು ಕೇಳಿದರು. ಮೂರು ದಿನ ಎಂದ ಶಿಷ್ಯ. ಹಾಗಾದರೆ ಕತೆ ಉದ್ದ ಮಾಡುವಂತಿಲ್ಲ ಎಂದು ಗುರುಗಳು ಅರ್ಧ ಅವರೆಕಾಯಿಯನ್ನು ಅವನ ಮುಂದಕ್ಕೆ ತಳ್ಳಿ ಹೇಳತೊಡಗಿದರು.

ಒಂದು ಊರು. ಹಳ್ಳದ ಆಚೆ ಇನ್ನೊಂದು ಊರು. ಸುಗ್ಗಿ ಮುಗಿದ ಮೇಲೆ ಎರಡೂ ಊರಿನವರು ವರ್ಷಕ್ಕೊಮ್ಮೆ ಕಬಡ್ಡಿ ಆಡುತ್ತಿದ್ದರು. ಸೋತ ಊರು ಗೆದ್ದ ಊರನ್ನು ಎಲೆ ಹಾಕಿ ಕೂರಿಸಿ ಹೋಳಿಗೆ ಬಡಿಸಬೇಕು, ಇದು ಕಟ್ಟಳೆ. ಹೋಳಿಗೆ ಮನೆಮನೆಯಲ್ಲೂ ಆಗುತ್ತದೆ. ಬಡಿಸುವವನ ಮುಖ ನೋಡುತ್ತಾ ತಿನ್ನುವ ಹೋಳಿಗೆಯ ರುಚಿ ಬೇರೆ.

ಈಚೆ ಊರಿನಲ್ಲಿ ಒಬ್ಬ ನೇಕಾರನಿದ್ದ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿದು ತುಳಿದು ಅವನ ಕಾಲು ಗಟ್ಟಿಯಾಗಿತ್ತು. ಉಸಿರು ಅದಕ್ಕಿಂತ ಗಟ್ಟಿ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಎದುರಿನವರ ಅಂಕಣಕ್ಕೆ ನುಗ್ಗಿದರೆ ಯಾರನ್ನಾದರೂ ಮುಟ್ಟದೆ ಬರುತ್ತಿರಲಿಲ್ಲ. ಹನ್ನೆರಡು ವರ್ಷ ಊರು ಅವನ ಹೆಸರು ಕೂಗಿತ್ತು. ಆ ಕೂಗು ಅವನಿಗೆ ಉಪ್ಪಿನಕಾಯಿಯ ಹಾಗೆ ಅಭ್ಯಾಸವಾಗಿಬಿಟ್ಟಿತ್ತು, ಅದಿಲ್ಲದೆ ಊಟ ಸೇರದು.

ಹದಿಮೂರನೆಯ ವರ್ಷ ಆ ಊರಿಗೆ ಒಬ್ಬ ಕುಂಬಾರ ಮನೆಅಳಿಯನಾಗಿ ಬಂದ. ಮನೆಅಳಿಯನೆಂದರೆ ಊರಿಗೆಲ್ಲ ತಮಾಷೆ. ಅವನನ್ನೂ ಛೇಡಿಸಿದರು, ಅಭ್ಯಾಸದ ಆಟಕ್ಕೆ ಇಳಿಯುವ ತನಕ. ಮೊದಲ ಸಂಜೆಯೇ ಅವನು ಮೂವರನ್ನು ಮುಟ್ಟಿ ಬಂದ. ಎರಡನೆಯ ಸಂಜೆ ಹುಡುಗರು ಅವನ ಹೆಸರು ಕೂಗಿದರು. ಮೂರನೆಯ ಸಂಜೆ ನೇಕಾರನ ಹೆಂಡತಿಯೇ, ಆ ಕುಂಬಾರ ಚೆಂದ ಆಡುತ್ತಾನಂತಲ್ಲ ಎಂದಳು. ಅಂದು ರಾತ್ರಿ ನೇಕಾರ ಒಂದು ರೊಟ್ಟಿ ಕಡಿಮೆ ಉಂಡ.

ಪಂದ್ಯದ ಹಿಂದಿನ ದಿನ ಕುಂಬಾರ ನೇಕಾರನ ಮಗ್ಗದ ಬಳಿಗೆ ಬಂದು ಕೂತ. ಆಚೆ ಊರಿನ ಎಡಮೂಲೆಯಲ್ಲಿ ಒಬ್ಬ ಗಾಣಿಗ ನಿಲ್ಲುತ್ತಾನೆ, ಅವನ ಕೈಗೆ ಸಿಕ್ಕವರು ಬಿಡಿಸಿಕೊಂಡು ಬಂದದ್ದೇ ಇಲ್ಲ ಎಂದು ಕುಂಬಾರನ ಕಿವಿಗೆ ಬಿದ್ದಿತ್ತು. "ಅಣ್ಣಾ, ಆ ಗಾಣಿಗನ ಆಟ ಹ್ಯಾಂಗ?" ಎಂದು ಕೇಳಿದ.

ನೇಕಾರನಿಗೆ ಅದು ತಿಳಿದಿತ್ತು. ಗಾಣಿಗ ಒಂದು ಕಾಲನ್ನು ಮರೆತವನಂತೆ ಮುಂದೆ ಚಾಚಿ ನಿಲ್ಲುತ್ತಾನೆ. ಕಾಲು ಸಿಕ್ಕಿತಲ್ಲ ಎಂದು ಬಗ್ಗಿದವನ ಮುಂಗೈ ಹಿಡಿದನೆಂದರೆ ಮುಗಿಯಿತು. ಆ ಕಾಲಿನ ಆಸೆ ಬಿಟ್ಟು ಕಾಯಬೇಕು. ತಾಳ್ಮೆಗೆಟ್ಟು ಅವನೇ ಬಗ್ಗುತ್ತಾನೆ. ಆಗ ಭುಜ ಮುಟ್ಟಿ ಹಿಂದೆ ಸರಿಯಬೇಕು. ಇಷ್ಟನ್ನು ಕಲಿಯಲು ನೇಕಾರನಿಗೆ ನಾಲ್ಕು ವರ್ಷ ಹಿಡಿದಿತ್ತು, ಒಮ್ಮೆ ಹಲ್ಲೂ ಹೋಗಿತ್ತು.

"ಆಡಿದರ ತಿಳೀತದ," ಎಂದು ಹೇಳಿ ಅವನು ಲಾಳಿ ಎಸೆದು ನೇಯ್ಗೆ ಮುಂದುವರಿಸಿದ. ಕುಂಬಾರ ನಕ್ಕು ಎದ್ದು ಹೋದ.

ಇಲ್ಲಿ ಆಟದ ಒಂದು ನಿಯಮ ಹೇಳಬೇಕು, ನೀನು ಚಿಕ್ಕಂದಿನಿಂದಲೂ ಪುಸ್ತಕ ಹಿಡಿದವನು ಎಂದರು ಗುರುಗಳು. ಕಬಡ್ಡಿಯಲ್ಲಿ ಒಂದು ಕಡೆಗೆ ಏಳು ಜನ. ಎದುರಿನವರನ್ನು ಮುಟ್ಟಿ ಗೆರೆ ದಾಟಿ ಬಂದರೆ ಮುಟ್ಟಿಸಿಕೊಂಡವನು ಸತ್ತ. ಮುಟ್ಟಲು ಹೋದವನು ಅಲ್ಲೇ ಸಿಕ್ಕಿಬಿದ್ದರೆ ಅವನು ಸತ್ತ. ಸತ್ತವರು ಅಂಕಣದ ಹೊರಗೆ ಸಾಲಾಗಿ ಕೂರಬೇಕು, ಮೊದಲು ಸತ್ತವನು ಮೊದಲು. ತಾನಾಗಿ ಎದ್ದು ಬರಲು ಯಾರಿಗೂ ಆಗದು. ತನ್ನ ಕಡೆಯವನು ಎದುರಿನವನೊಬ್ಬನನ್ನು ಕೊಂದಾಗ ಸಾಲಿನ ಮೊದಲಿನವನಿಗೆ ಜೀವ ಬರುತ್ತದೆ. ಇದನ್ನು ಯಾರು ಮಾಡಿಟ್ಟರೋ ಗೊತ್ತಿಲ್ಲ, ಮನುಷ್ಯರನ್ನು ಚೆನ್ನಾಗಿ ನೋಡಿದ್ದವರೇ ಇರಬೇಕು.

ಮರುದಿನ ಆಟ ಶುರುವಾಯಿತು. ಹೊತ್ತು ಗುಡ್ಡದ ಹಿಂದೆ ಇಳಿಯುವ ತನಕ ಆಡಬೇಕು, ಆಗ ಅಂಕಣದೊಳಗೆ ಯಾರ ಕಡೆ ಹೆಚ್ಚು ಜನ ಉಳಿದಿರುತ್ತಾರೋ ಅವರು ಗೆದ್ದಂತೆ. ಮೊದಲು ನೇಕಾರ ಹೋದ. ಒಬ್ಬನನ್ನು ಮುಟ್ಟಿ ಬಂದಿದ್ದರೆ ಸಾಕಿತ್ತು. ಆದರೆ ಕುಂಬಾರ ಅಭ್ಯಾಸದಲ್ಲಿ ಮೂವರನ್ನು ಮುಟ್ಟಿದ್ದು ಅವನ ತಲೆಯಲ್ಲಿತ್ತು. ತಾನೂ ಮೂವರನ್ನು ಮುಟ್ಟಬೇಕೆಂದು ಒಳಗೆ ಒಳಗೆ ಹೋದ. ಆರು ಜನ ಒಟ್ಟಿಗೆ ಮೇಲೆ ಬಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಆಟದ ಆರಂಭದಲ್ಲೇ ಸತ್ತು ಹೊರಗೆ ಬಂದು ಕೂತ. ಸಾಲಿನಲ್ಲಿ ಅವನೊಬ್ಬನೇ.

ನಂತರ ಕುಂಬಾರ ಹೋದ. ನೇರವಾಗಿ ಎಡಮೂಲೆಗೇ ನಡೆದ. ಗಾಣಿಗ ಕಾಲು ಚಾಚಿದ.

ಹೊರಗೆ ಕೂತ ನೇಕಾರನಿಗೆ ಎಲ್ಲವೂ ಕಾಣುತ್ತಿತ್ತು. ಕುಂಬಾರ ಮುಟ್ಟಿ ಬಂದರೆ ತನಗೆ ಜೀವ. ಸಿಕ್ಕಿಬಿದ್ದರೆ ತಾನು ಕೂತಲ್ಲೇ ಕೂರಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರೆ. ಇವನಿಗೆ ಅಕ್ಕಿ ಬೇಕಾಗಿತ್ತು, ನೆಂಟ ಮಾತ್ರ ಬೇಡವಾಗಿದ್ದ. ಅಲ್ಲಿಂದಲೇ 'ಕಾಲು ಬಿಡು' ಎಂದು ಕೂಗಿದ್ದರೆ ಸಾಕಿತ್ತು. ಆಟದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಅವನು ಕೂಗಲಿಲ್ಲ. ಕುಂಬಾರ ಬಗ್ಗಿದ, ಗಾಣಿಗ ಹಿಡಿದ.

ಆಗ ನೇಕಾರನಿಗೆ ಸಂತೋಷವಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಸಂತೋಷವೇ ಆಯಿತು. ತನಗೆ ಬರಬೇಕಿದ್ದ ಜೀವ ತಪ್ಪಿಹೋದದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ಎರಡು ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಕುಂಬಾರ ಮೈಯ ಮಣ್ಣು ಕೊಡವಿಕೊಂಡು ಬಂದು ಅವನ ಪಕ್ಕದಲ್ಲಿ ಕೂತ. ಸಾಲಿನಲ್ಲಿ ಎರಡನೆಯವನು. ಮುಂಗೈ ಊದಿತ್ತು. ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡ. ಆಮೇಲೆ ನೇಕಾರನ ಕಿವಿಯ ಹತ್ತಿರ ಬಾಗಿ, "ಅಣ್ಣಾ, ಆ ಗಾಣಿಗ ಚಾಚೋ ಕಾಲು ಬರೇ ಗಾಳ. ನಾ ದಡ್ಡ, ಬಿದ್ದೆ. ನೀ ಎದ್ದು ಹೋದಾಗ ಅದರ ಗೊಡವಿಗೆ ಹೋಗಬ್ಯಾಡ," ಎಂದ.

ನೇಕಾರ ಅವನ ಊದಿದ ಮುಂಗೈ ನೋಡಿದ. ತಾನು ಬಚ್ಚಿಟ್ಟುಕೊಂಡಿದ್ದನ್ನು ಇವನು ಏಟು ತಿಂದು ಕಲಿತು ತಂದು ತನಗೇ ಕೊಡುತ್ತಿದ್ದಾನೆ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಹೂಂ ಎಂದಷ್ಟೇ ಹೇಳಿ ಕಾಲ ಬಳಿಯ ಹುಲ್ಲು ಕೀಳುತ್ತಾ ಕೂತ.

ಒಳಗೆ ಆಟ ಕೆಡುತ್ತಿತ್ತು. ಇನ್ನೂ ಇಬ್ಬರು ಸತ್ತು ಬಂದು ಸಾಲಿನಲ್ಲಿ ಕೂತರು. ಉಳಿದವರು ಮೂವರು. ಅವರಲ್ಲಿ ಒಬ್ಬ ಉಪ್ಪು ಮಾರುವವನು. ಅವನು ಲೆಕ್ಕಕ್ಕುಂಟು ಆಟಕ್ಕಿಲ್ಲ. ಏಳು ಜನ ಬೇಕಲ್ಲ ಎಂದು ಪ್ರತಿವರ್ಷ ಅವನನ್ನು ಸೇರಿಸಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಅವನು ಒಬ್ಬರನ್ನೂ ಮುಟ್ಟಿರಲಿಲ್ಲ. ಸರದಿ ಬಂತು, ಹೋಗಲೇಬೇಕಾಯಿತು. ನಾಲ್ಕು ಹೆಜ್ಜೆ ಹೋದ, ಎದುರಿನವರ ಮುಖ ನೋಡಿದ, ತಿರುಗಿ ಓಡತೊಡಗಿದ. ಸುಲಭದ ತುತ್ತೆಂದು ಒಬ್ಬ ಅವನ ಬೆನ್ನು ಹತ್ತಿದ. ಆತುರಕ್ಕೆ ಕಾಲು ಜಾರಿ ಅವನ ಹಿಮ್ಮಡಿಯ ಮೇಲೆ ಬಿದ್ದ. ಉಪ್ಪಿನವನೂ ಬಿದ್ದ, ಆದರೆ ಅವನ ಮೂಗು ಗೆರೆಯ ಈಚೆಗಿತ್ತು, ಬಾಯಲ್ಲಿ ಇನ್ನೂ ಕಬಡ್ಡಿ ಇತ್ತು. ತಾನು ಒಬ್ಬನನ್ನು ಕೊಂದೆ ಎಂದು ಅವನಿಗೆ ತಿಳಿದದ್ದು ಜನ ಬಿದ್ದು ಬಿದ್ದು ನಕ್ಕ ಮೇಲೆ. ಕಡೆಗೆ ಅವನೂ ನಕ್ಕ.

ಹೀಗೆ ನೇಕಾರನಿಗೆ ಉಪ್ಪು ಮಾರುವವನಿಂದ ಜೀವ ಬಂತು. ಅವನು ಎದ್ದು ಅಂಕಣಕ್ಕೆ ಇಳಿದ. ಮುಂದಿನ ಸರದಿ ಅವನದೇ.

ಗೆರೆಯ ಮೇಲೆ ನಿಂತು ಉಸಿರು ತುಂಬಿಕೊಳ್ಳುವಾಗ ಅವನಿಗೆ ಒಂದು ವಿಷಯ ಹೊಳೆಯಿತು. ಈಗ ಸಾಲಿನಲ್ಲಿ ಮೊದಲು ಕೂತಿರುವವನು ಕುಂಬಾರ. ತಾನು ಯಾರನ್ನು ಮುಟ್ಟಿದರೂ ಜೀವ ಬರುವುದು ಅವನಿಗೇ. ತಾನು ಗೆಲ್ಲಬೇಕಾದರೆ ಅವನನ್ನು ಎಬ್ಬಿಸದೆ ದಾರಿಯಿಲ್ಲ. ಅವನು ಎದ್ದರೆ ಜನ ಮತ್ತೆ ಅವನ ಹೆಸರನ್ನೇ ಕೂಗುತ್ತಾರೆ. ಯಾರನ್ನೂ ಮುಟ್ಟದೆ ಸುಮ್ಮನೆ ಓಡಾಡಿ ಬಂದರೆ ಯಾರೂ ಬಯ್ಯುವುದಿಲ್ಲ. ಜನ ಕಡಿಮೆ ಇದ್ದಾರೆ, ಜೋಪಾನವಾಗಿ ಆಡಿದ ಎಂದು ಹೊಗಳಿಯೇ ಹೊಗಳುತ್ತಾರೆ. ಈ ಉಪಾಯ ಅವನಿಗೆ ಬಹಳ ಹಿಡಿಸಿತು. ಹೊಟ್ಟೆಯೊಳಗಿನ ಕಿಚ್ಚು ಅದನ್ನು ಬಾಯಿ ತುಂಬ ಮೆಚ್ಚಿಕೊಂಡಿತು.

ಅವನು ಕಬಡ್ಡಿ ಎನ್ನುತ್ತಾ ಗೆರೆ ದಾಟಿದ. ಎಡಮೂಲೆಗೆ ಹೋದ. ಗಾಣಿಗ ಕಾಲು ಚಾಚಿದ. ನೇಕಾರ ಆ ಕಾಲನ್ನು ನೋಡಲೇ ಇಲ್ಲ, ನಿಂತ. ಉಸಿರು ತೆಳ್ಳಗಾಗುತ್ತಾ ಬಂತು. ಇನ್ನೂ ನಿಂತ. ಗಾಣಿಗನ ತಾಳ್ಮೆ ತಪ್ಪಿತು, ಬಗ್ಗಿದ. ನೇಕಾರ ಅವನ ಭುಜ ಮುಟ್ಟಿ ಒಂದೇ ನೆಗೆತಕ್ಕೆ ಗೆರೆ ದಾಟಿ ಬಂದುಬಿಟ್ಟ.

ಆಚೆ ಊರಿನ ಗಾಣಿಗ ಸತ್ತಿದ್ದ. ಅಂಥದ್ದು ಬಹಳ ಅಪರೂಪ. ಆದರೆ ಜನ ಕೂಗಿದ್ದು, ಕುಂಬಾರ ಎದ್ದ, ಕುಂಬಾರ ಎದ್ದ ಎಂದು. ನೇಕಾರನ ಕಿಚ್ಚು ಮತ್ತೆ ಭುಗಿಲೆಂದಿತು. ಕುಂಬಾರ ಓಡಿ ಬಂದು ಅವನನ್ನು ತಬ್ಬಿಕೊಂಡ. ನೇಕಾರ ತಬ್ಬಿಕೊಳ್ಳಲಿಲ್ಲ. ಅವನ ಹೆಗಲು ಹಿಡಿದು, ಗಾಣಿಗ ಮತ್ತೆ ಎದ್ದು ಬಂದೇ ಬರುತ್ತಾನೆ, ಆಗ ಹೀಗೆ ಕಾಯಬೇಕು, ಅವನು ಬಗ್ಗುವ ಮುಂಚೆ ಮೂಗಿನಿಂದ ಒಮ್ಮೆ ಉಸಿರೆಳೆಯುತ್ತಾನೆ, ಅದನ್ನು ಗಮನಿಸು, ಭುಜ ಮುಟ್ಟು, ನೆಗೆ ಎಂದು ಎಲ್ಲವನ್ನೂ ಹೇಳಿದ. ನಾಲ್ಕು ವರ್ಷದ ಪಾಠ ನಾಲ್ಕು ಮಾತಿನಲ್ಲಿ ಮುಗಿಯಿತು.

ಆಮೇಲಿನ ಆಟವನ್ನು ಎರಡೂ ಊರಿನವರು ಬಹಳ ವರ್ಷ ನೆನೆದರು. ನೇಕಾರ ಸತ್ತರೆ ಕುಂಬಾರ ಎಬ್ಬಿಸಿದ. ಕುಂಬಾರ ಸತ್ತರೆ ನೇಕಾರ ಎಬ್ಬಿಸಿದ. ಉಪ್ಪು ಮಾರುವವನು ಒಮ್ಮೆ ಸತ್ತು ಒಮ್ಮೆ ಎದ್ದು, ತನ್ನನ್ನೂ ಆಟದವನೆಂದು ತಿಳಿದರಲ್ಲ ಎಂದು ಹಿಗ್ಗಿದ. ನೇಕಾರನಿಗೆ ಮೈತುಂಬ ಮಣ್ಣು, ಮೊಣಕಾಲಲ್ಲಿ ರಕ್ತ. ಅಷ್ಟು ಸುಖವಾಗಿ ಅವನು ಯಾವ ವರ್ಷವೂ ಆಡಿರಲಿಲ್ಲ. ಹೊತ್ತು ಗುಡ್ಡಕ್ಕೆ ಇಳಿಯುವಾಗ ಎರಡೂ ಕಡೆ ಸಮಸಮ. ಕೊನೆಯ ಸರದಿ ಕುಂಬಾರನದು. ಅವನು ಎಡಮೂಲೆಗೆ ಹೋಗಿ ಕಾದು ನಿಂತು ಗಾಣಿಗನ ಭುಜ ಮುಟ್ಟಿ ಬಂದ.

ಊರಿನವರು ಕುಂಬಾರನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನ ರುಮಾಲು ಕೆಳಗೆ ಬಿದ್ದಿತ್ತು, ಅದನ್ನು ನೇಕಾರ ಎತ್ತಿಕೊಂಡು ಹಿಂದಿನಿಂದ ನಡೆದು ಬಂದ. ಊಟದ ಎಲೆಯ ಮುಂದೆ ಇಬ್ಬರೂ ಅಕ್ಕಪಕ್ಕ ಕೂತರು. ಗಾಣಿಗ ಮುಖ ಗಂಟು ಹಾಕಿಕೊಂಡು ತುಪ್ಪ ಬಡಿಸಿದ. ನೇಕಾರ ಐದು ಹೋಳಿಗೆ ತಿಂದ, ಆರನೆಯದಕ್ಕೂ ಬೇಡ ಎನ್ನಲಿಲ್ಲ.

ಕತೆ ಮುಗಿಯಿತು ಎಂಬಂತೆ ಗುರುಗಳು ಮಡಿಲಿನ ಸಿಪ್ಪೆ ಕೊಡವಿದರು. ಶಿಷ್ಯನ ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೆಯೇ ಉಳಿದಿತ್ತು. ಅವನಿಗೆ ಕತೆ ಹಿಡಿಸಿತ್ತು. ಆದರೆ ತನಗೆ ಬೇಕಾದದ್ದು ಅದರಲ್ಲಿ ಎಲ್ಲೋ ತಪ್ಪಿಹೋಯಿತು ಎನ್ನಿಸಿತು.

"ಗುರುಗಳೇ, ನೇಕಾರನ ಕಿಚ್ಚು ಆರಿದ್ದು ಯಾವಾಗ? ಗಾಣಿಗನನ್ನು ಮುಟ್ಟುವ ಮೊದಲೋ, ಮುಟ್ಟಿದ ಮೇಲೋ?"

"ಆರಿತೆಂದು ನಾನೆಲ್ಲಿ ಹೇಳಿದೆ? ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವನು ಹೋಗಿ ಮುಟ್ಟಿ ಬಂದ."