ಗುಬ್ಬಿಯ ಕಾಲು ಮುರಿದ ಮೇಲೆ

ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ: “ಕೇಳಿರಪ್ಪೋ ಕೇಳಿ! ಮಹಾರಾಣಿಯವರು ಅರ್ಧಕ್ಕೆ ಬಿಟ್ಟುಹೋದ ಕತೆಯನ್ನು ಮುಂದುವರಿಸುವವರು ಬೇಕಾಗಿದ್ದಾರೆ. ಮೊದಲು ರಾಜಕುಮಾರಿಯವರ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಅರಮನೆಯ ಕತೆಗಾರನ ಪದವಿ, ತಪ್ಪಿದವರಿಗೆ ಶಿರಚ್ಛೇದ!”

ರಾಜಕುಮಾರಿ ಚೆಲುವಾಂಬೆ ಇನ್ನೂ ಹಾಲುಹಲ್ಲಿನ ಮಗು. ದಿನಕ್ಕೊಂದು ಅಧ್ಯಾಯದಂತೆ ಕತೆ ಹೇಳುತ್ತಿದ್ದ ತಾಯಿ ತೀರಿಕೊಂಡ ಮೇಲೆ ಅನ್ನ ಮುಟ್ಟದೆ ಸೊರಗುತ್ತಿದ್ದಳು. ಬಂದ ಕತೆಗಾರರೆಲ್ಲ ಅವಳಿಗೆ ಆಕಳಿಕೆ ತರಿಸಿ ಹೋದರು. ಅರಸನಿಗೋ ದುಃಖವಾದರೂ ಸಿಟ್ಟೇ ಬರುವುದು, ಅದಕ್ಕೇ ಈ ಶಿಕ್ಷೆ. ಒಗಟುಗಳಲ್ಲಿ ಮೊದಲೆರಡು ತಾಯಿ ಕಲಿಸಿದವು, ಮೂರನೆಯದು ಅವಳದೇ. ಬಂದವರನ್ನೆಲ್ಲ ಅವಳು ಕೇಳುತ್ತಿದ್ದಳು:

“ನಿಲ್ಲಿಸಿದರೆ ಓಡುತ್ತದೆ, ನಿಲ್ಲಿಸದಿದ್ದರೆ ಮಲಗುತ್ತದೆ. ಏನದು? ಕೊಟ್ಟಷ್ಟೂ ಇನ್ನೂ ಬೇಕೆನ್ನುತ್ತದೆ, ಏನೂ ಕೊಡದಿದ್ದರೆ ಎದ್ದುಹೋಗುತ್ತದೆ. ಏನದು? ಕತೆಯಲ್ಲಿ ಪಟ್ಟಣವೇ ಸುಟ್ಟಾಗ ನಾನು ಅಳಲಿಲ್ಲ, ಗುಬ್ಬಿಯ ಕಾಲು ಮುರಿದಾಗ ಅತ್ತೆ. ಯಾಕೆ?”

“ಮೊದಲನೆಯದು ಕುದುರೆ!” ಎಂದ ಮೀಸೆಯ ಕವಿಯನ್ನು, ಶಿರಚ್ಛೇದದ ದಿನ ಬರುವವರೆಗೆ ಇರಲೆಂದು, ಸೆರೆಮನೆಗೆ ಎಳೆದೊಯ್ದರು. “ಎರಡನೆಯದು ಬೆಂಕಿ!” ಎಂದರು ಪಂಡಿತರು.

“ಬೆಂಕಿಗೆ ಕಾಲಿದೆಯಾ, ಎದ್ದುಹೋಗೋಕೆ?” ಎಂದಳು ರಾಜಕುಮಾರಿ. ಪಾಪ, ಅವರೂ ಒಳಗೆ ಹೋದರು.

ಆಮೇಲೆ ಬಂದವನು ಬುಟ್ಟಿ ಹೆಣೆಯುವ ಬೊಮ್ಮಣ್ಣ. ತಾಯಿಯಿಲ್ಲದ ತಂಗಿಯನ್ನು ಸಾಕಿದವನು.

“ಮೊದಲನೆಯದು ಕತೆ, ಅಮ್ಮಣ್ಣಿಯವರೇ. ತಂಗಿಗೆ ಉಣ್ಣಿಸುವಾಗ, ಹುಲಿ ಬಾಗಿಲಿಗೆ ಬಂತು ಅಂದು ನಾನು ಬಾಯಿ ಮುಚ್ತಿದ್ದೆ. ಅವಳು ಬಾಯಿ ತೆರೀತಿದ್ಲು. ನಾನು ನಿಂತರೂ ಕತೆ ಅವಳ ತಲೇಲಿ ಓಡ್ತಿತ್ತು. ನಿಲ್ಲಿಸದೇ ಹೇಳಿದ ದಿನ ತೂಕಡಿಸ್ತಿದ್ಲು, ಕತೆಯೂ ಅವಳ ಜೊತೆ ಮಲಗ್ತಿತ್ತು.

“ಎರಡನೆಯದು ಕುತೂಹಲ. ತುತ್ತಿಗೊಂದು ಗುಟ್ಟು ಬಿಟ್ಟುಕೊಡ್ಬೇಕು, ಹಿಂದೆಯೇ ಹೊಸದೊಂದು ಕಟ್ಬೇಕು. ಬರೀ ಸತಾಯಿಸಿದ್ರೆ ತಂಗಿ ಎದ್ದೇ ಹೋಗ್ತಿದ್ಲು.

“ಇನ್ನು ಮೂರನೆಯದು. ಆ ಪಟ್ಟಣದಲ್ಲಿ ನಿಮಗೆ ಯಾರೂ ಗೊತ್ತಿರಲಿಲ್ಲ. ಗುಬ್ಬಿ ಜೊತೆ ಮೊದಲಿಂದ ಇದ್ರಿ. ಅದನ್ನ ಪ್ರೀತಿಸಿದ್ರಿ, ಅದಕ್ಕೇ ಅತ್ರಿ. ಅದು ಏನಾಯ್ತೋ ಅಂತಲೇ ನಾಳೆಯೂ ಕೇಳೋಕೆ ಬರ್ತೀರಿ.”

ಮಗುವಿನ ಕಣ್ಣು ತುಂಬಿತು. “ಅಮ್ಮ ಅಲ್ಲೇ ನಿಲ್ಲಿಸಿದ್ದು. ಗುಬ್ಬಿ ಬದುಕ್ತಾ?”

“ಗೊತ್ತಿಲ್ಲ ಅಮ್ಮಣ್ಣಿ. ಆ ಗುಬ್ಬಿ ನನಗೆ ಪರಿಚಯವಿಲ್ಲ. ಅಮ್ಮನ ಬಳಿ ಕೇಳಿದವರು ನೀವೊಬ್ರೇ. ನೀವೇ ಹೇಳಿ, ನಾನು ಕೇಳ್ತೀನಿ.”

ಅರಸ ಬೊಮ್ಮಣ್ಣನ ಹೆಗಲಿಗೆ ತನ್ನ ಶಾಲನ್ನೇ ಹೊದಿಸಿ, ಪದವಿ ಕೊಟ್ಟ. ಇನ್ನೇನು ಬೇಕು ಎಂದಾಗ ಅವನು ಸೆರೆಯಲ್ಲಿದ್ದವರ ಬಿಡುಗಡೆ ಕೇಳಿದ. ಅದೂ ಆಯಿತು.

ಚೆಲುವಾಂಬೆ ಅಪ್ಪನ ತೊಡೆಯೇರಿ ಕೂತಳು. “ಗುಬ್ಬಿ ಕುಂಟ್ತಾ ಕುಂಟ್ತಾ ಹೊರಡ್ತು,” ಎಂದು ಶುರುಮಾಡಿ ತಟ್ಟನೆ ನಿಲ್ಲಿಸಿದಳು.

“ಆಮೇಲೆ?” ಎಂದ ಅರಸ.

“ಹಸಿವಾಗ್ತಿದೆ ಅಪ್ಪಾಜಿ. ಊಟ ಮಾಡಿ ಹೇಳ್ತೀನಿ.”