ಪಟೇಲರ ಗೋಡೆಯ ಬೆರಣಿ

ಊರ ಪಟೇಲರ ಕೊಟ್ಟಿಗೆಯ ಹಿಂಗೋಡೆಗೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಪಕ್ಕದ ಗುಡಿಸಲಿನ ಮುದುಕಿ ತನ್ನ ಎಮ್ಮೆಯ ಸಗಣಿಗೆ ಹೊಟ್ಟು ಕಲಸಿ ಬೇಸಗೆಯೆಲ್ಲ ಅಲ್ಲೇ ಬೆರಣಿ ತಟ್ಟಿದಳು. ಮಳೆಗಾಲಕ್ಕೆ ಅವಳ ಒಲೆಗೆ ಬೇರೆ ಸೌದೆ ಇರಲಿಲ್ಲ. ಬೆರಣಿ ಹಸಿಯಿದ್ದಾಗ ಪಟೇಲರು ಮೂಗು ಮುಚ್ಚಿಕೊಂಡು ಓಡಾಡಿದರು. ಒಣಗಿ ಹಗುರಾದ ಮೇಲೆ, ಅವಳು ಕಿತ್ತು ಬುಟ್ಟಿಗೆ ತುಂಬುವಾಗ ಬಂದು ನಿಂತರು.

"ಮುಟ್ಟಬೇಡ. ಇವೆಲ್ಲ ನಮ್ಮ ಮನೆಗೆ ಸೇರಿದ್ದು."

"ತಟ್ಟಿದ್ದು ನಾನಲ್ವಾ ಪಟೇಲ್ರೇ? ಒಂದೊಂದರ ಮೇಲೂ ನನ್ನ ಬೆರಳು ಮೂಡಿದೆ."

"ತಟ್ಟೋದೇನು ಮಹಾ? ಹಿಡ್ಕೊಂಡಿದ್ದು ನನ್ನ ಗೋಡೆ. ಒಣಗಿಸಿದ್ದೂ ನನ್ನ ಗೋಡೆ."

ಮಾತು ಕೇಳಿ ನಾಲ್ಕು ಜನ ಸೇರಿದರು. ಮುದುಕಿ ವಾದಕ್ಕೆ ಇಳಿಯಲಿಲ್ಲ. ಎಮ್ಮೆ ಆಗ ತಾನೇ ಹಾಕಿದ್ದ ಸಗಣಿಯನ್ನು ಬಾಚಿ ತಂದು ಪಟೇಲರ ಮುಂದಿಟ್ಟಳು.

"ನೀವು ಹೇಳೋದೂ ಸರಿಯೇ. ಎಲ್ಲಾ ಗೋಡೆಯದೇ ಕೆಲಸ ಅಂದ್ರೆ ನೀವೇ ಒಂದು ತಟ್ಟಿ ತೋರಿಸಿ. ನಿಂತ್ರೆ ಈ ಬುಟ್ಟೀನ ನಾನೇ ಹೊತ್ತು ತಂದು ನಿಮ್ಮನೇಲಿ ಇಳಿಸ್ತೀನಿ."

ಜನ ನೋಡುತ್ತಿದ್ದರು. ಪಟೇಲರು ಹಿಂದೆ ಸರಿಯುವಂತಿರಲಿಲ್ಲ. ಬೆರಳ ತುದಿಯಲ್ಲಿ ಸಗಣಿ ಎತ್ತಿ, ಮುಖ ಆಚೆ ತಿರುಗಿಸಿ, ಗೋಡೆಗೆ ತಾಗಿಸಿದ್ದೇ ಕೈ ಹಿಂದಕ್ಕೆಳೆದರು. ಅದು ಒಂದು ಗಳಿಗೆ ಅಲ್ಲೇ ಕೂತಿತು. ಆಮೇಲೆ ನಿಧಾನವಾಗಿ ಜಾರಿ, ಅವರ ಹೊಸ ಮೆಟ್ಟಿನ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಪಟೇಲರ ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಮುದುಕಿ ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ಗೋಡೇಲಿ ನಿಂತಿದ್ದು ನಂದು ಪಟೇಲ್ರೇ. ಬಿದ್ದಿದ್ದು ನಿಮ್ಮದು, ತಗೊಂಡು ಹೋಗಿ."